ಪದ್ಮಿನಿಯ ಹೊಟ್ಟೆಯಲ್ಲಿ ಟಿಕ್ ಟಿಕ್: ತಪ್ಪು ಹುಡುಗನದೋ, ಕ್ಯಾಮಿನದೋ?

ಚಿಕ್ಕಮಗಳೂರು: ಮೂಡಿಗೆರೆ ರಸ್ತೆಯ ಬದಿಯ ಆ ತಗಡಿನ ಶೆಡ್ಡಿನಲ್ಲಿ 2024ರ ಆಯುಧಪೂಜೆಯ ದಿನ ಭಾರಿ ಸಂಭ್ರಮ. ಮೂರು ತಿಂಗಳಿಂದ ಎಂಜಿನ್ನು ಕಳಚಿಕೊಂಡು ಇಟ್ಟಿಗೆಗಳ ಮೇಲೆ ಕೂತಿದ್ದ ಬಿಳಿ ಪ್ರೀಮಿಯರ್ ಪದ್ಮಿನಿ ಅಂದು ಮತ್ತೆ ಉಸಿರಾಡಬೇಕಿತ್ತು. ಬೂದುಗುಂಬಳ ಬಂತು, ನಿಂಬೆಹಣ್ಣು ಬಂತು, ಸೇವಂತಿಗೆ ಹಾರ ಬಂತು, ಪುರೋಹಿತರೂ ಬಂದರು. ಕಾರಿನ ಒಡೆಯರಾದ ತೋಟದ ಯುವಕರು ಮನೆಮಂದಿಯನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಬಂದಿಳಿದರು.

ಕೀ ತಿರುಗಿಸಿದ ಕೂಡಲೇ ಎಂಜಿನ್ನು ಹೊತ್ತಿಕೊಳ್ಳಲಿಲ್ಲ. ಕಾರ್ಬ್ಯುರೇಟರಿಗೆ ಪೆಟ್ರೋಲು ಏರಿರಲಿಲ್ಲ. ಏಳೆಂಟು ಸಲ ಸೆಲ್ಫ್ ಹೊಡೆದ ಮೇಲೆ ಕೆಮ್ಮಿ, ಸೀನಿ, ಕೊನೆಗೆ ಗುರ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ಸ್ಲೋ ಬಿಡ್ರಪ್ಪಾ, ಮಂತ್ರ ಕೇಳಿಸಲ್ಲ’ ಎಂದರು ಪುರೋಹಿತರು. ಮೇಸ್ತ್ರಿ ಆಕ್ಸಿಲರೇಟರ್ ಸ್ಕ್ರೂ ತಿರುಗಿಸಿ ಎಂಜಿನ್ನನ್ನು ಬೆಕ್ಕಿನ ಹಾಗೆ ಗುರುಗುಟ್ಟಿಸಿ ಬಿಟ್ಟರು. ಕುಂಕುಮ, ಮಂಗಳಾರತಿ, ಕಡ್ಲೆಪುರಿ ಪ್ರಸಾದ, ಆಮೇಲೆ ಫೋಟೋ. ಇಪ್ಪತ್ತು ನಿಮಿಷ ಎಂಜಿನ್ನು ಹಾಗೇ ಮೆಲ್ಲಗೆ ಓಡುತ್ತಿತ್ತು.

ಆ ಇಪ್ಪತ್ತು ನಿಮಿಷದಲ್ಲೇ ಕಾರಿನ ಹೊಟ್ಟೆಯೊಳಗೆ ಒಂದು ಸಾವು ಶುರುವಾಗಿತ್ತು ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಗ್ಯಾರೇಜಿನ ಹೆಸರು ಬೀದಿಗೆ ಬಂದಿತ್ತು, ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕೆಲಸ ಕಳೆದುಕೊಂಡಿದ್ದ.

ಅಪ್ಪನ ಕಾರು, ಮಗನ ಆಸೆ

ಕಾರು ಯುವಕರ ತಂದೆಯದು. ಎಂಬತ್ತರ ದಶಕದಲ್ಲಿ ಅವರು ಇದೇ ಕಾರಿನಲ್ಲಿ ರ್‍ಯಾಲಿ ಓಡಿಸಿದವರು. ಈ ಜಿಲ್ಲೆಗೆ ರ್‍ಯಾಲಿ ಹೊಸದೇನಲ್ಲ. ಕಾಫಿ ತೋಟಗಳ ನಡುವಿನ ಮಣ್ಣುರಸ್ತೆಗಳಿಗಾಗಿ ಹೊರದೇಶದ ಚಾಲಕರೂ ಇಲ್ಲಿಗೆ ಬಂದಿದ್ದಾರೆ. 2017ರಲ್ಲಿ ಏಷ್ಯಾ-ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ನಡೆದದ್ದು ಇಲ್ಲೇ. ತಂದೆ ತೀರಿಕೊಂಡ ಮೇಲೆ ಕಾಫಿ ಗೋಡೌನಿನಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಕಾರನ್ನು ಹಳೆಯ ಕಾರುಗಳ ರ್‍ಯಾಲಿಯೊಂದರಲ್ಲಿ ಮತ್ತೆ ಓಡಿಸಬೇಕು ಎಂಬುದು ಮಗನ ಆಸೆ. ಅಮ್ಮ ಪಕ್ಕದಲ್ಲಿ ಕೂತು ಗಡಿಯಾರ ನೋಡಬೇಕಂತೆ, ಹಿಂದೆ ಅಪ್ಪನ ಪಕ್ಕ ಕೂತು ನೋಡಿದ ಹಾಗೆ.

ಪದ್ಮಿನಿಯ ಎಂಜಿನ್ನಿನ ಬಗ್ಗೆ ಎರಡು ಮಾತು. ಇಟಲಿಯ ಫಿಯಟ್ 1100 ಕಾರಿನ ಸಂತಾನ ಅದು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿ ತಯಾರಿಸುತ್ತಿತ್ತು; ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಒಟ್ಟು 1089 ಸಿ.ಸಿ. ತಯಾರಿಕೆ ನಿಂತು ಎರಡು ದಶಕ ದಾಟಿದೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು. ಬಿಡಿಭಾಗ ಬೇಕೆಂದರೆ ಗುಜರಿ ಅಂಗಡಿಯೇ ಗತಿ, ಅದೂ ಅದೃಷ್ಟವಿದ್ದರೆ.

ಎಂಜಿನ್ನನ್ನು ಸುಮ್ಮನೆ ರಿಪೇರಿ ಮಾಡಿದರೆ ಸಾಲದು, ‘ಸ್ವಲ್ಪ ಖಾರ ಹಾಕಿ’ ಎಂದಿದ್ದರು ಯುವಕರು. ಹಾಗಾಗಿ ಹೆಡ್ಡನ್ನು ಒಂದಿಷ್ಟು ಕೆರೆಸಲಾಯಿತು, ಪೋರ್ಟುಗಳನ್ನು ಉಜ್ಜಿ ನಯ ಮಾಡಲಾಯಿತು, ವಾಲ್ವುಗಳಿಗೆ ಒಂದರೊಳಗೊಂದು ಕೂರುವ ಗಟ್ಟಿ ಜೋಡಿ ಸ್ಪ್ರಿಂಗು ಬಂತು. ಕ್ಯಾಮ್‌ಶಾಫ್ಟನ್ನು ಬೆಂಗಳೂರಿನ ಒಂದು ಗ್ರೈಂಡಿಂಗ್ ಶಾಪಿಗೆ ಕಳಿಸಿ, ವಾಲ್ವು ಇನ್ನೂ ಎತ್ತರಕ್ಕೆ ಏಳುವಂತೆ ಅರೆಸಿ ತರಲಾಯಿತು. ಟ್ಯಾಪೆಟ್ಟು ಮಾತ್ರ ಹೊಸದು ಸಿಗಲಿಲ್ಲ. ‘ಇದ್ದದ್ದೇ ಚೆನ್ನಾಗಿದೆ, ಹಾಕಿ’ ಎಂದು ತೀರ್ಮಾನವಾಯಿತು.

ಕೈಮರದ ಏರಿನಲ್ಲಿ ಸೀನು

ಮೊದಲ ವಾರ ಕಾರು ಊರೊಳಗೆ ಓಡಾಡಿತು. ಎರಡನೆಯ ದಿನವೇ ಮೇಲುಗಡೆ ಟಿಕ್ ಟಿಕ್ ಎಂಬ ಸದ್ದು. ಹುಡುಗ ಮುಚ್ಚಳ ತೆಗೆದು ಟ್ಯಾಪೆಟ್ ಸೆಟ್ ಮಾಡಿದ. ಸದ್ದು ನಿಂತಿತು. ಮೂರು ದಿನ ಬಿಟ್ಟು ಮತ್ತೆ ಟಿಕ್ ಟಿಕ್. ಮತ್ತೆ ಸೆಟ್ ಮಾಡಿದ. ಆ ವಾರದ ಕೊನೆಗೆ ಮೂರನೇ ಸಲ.

‘ಅಣ್ಣಾ, ಒಂದೇ ಟ್ಯಾಪೆಟ್ಟು ಸಡಿಲ ಆಗ್ತಾ ಇದೆ, ಬೇರೆ ಏಳೂ ಸರಿಯಾಗವೆ’ ಎಂದು ಹುಡುಗ ಮೇಸ್ತ್ರಿಗೆ ಹೇಳಿದ್ದುಂಟು. ‘ಲಾಕ್‌ನಟ್ಟು ಸರಿಯಾಗಿ ಬಿಗಿಯೋ ಮಾರಾಯಾ’ ಎಂಬ ಉತ್ತರ ಬಂತು. ಹುಡುಗ ಸುಮ್ಮನಾದ. ಆದರೆ ತನ್ನ ಸ್ಪೇರ್ ಪಾರ್ಟ್ ಲೆಕ್ಕದ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಟ್ಟ: ಮೂರನೇ ಸಿಲಿಂಡರು, ಎಗ್ಸಾಸ್ಟು, ಇಷ್ಟು ಥೌ ಸಡಿಲ ಎಂದು. ಒಂದು ಥೌ ಎಂದರೆ ಅಂಗುಲದ ಸಾವಿರದ ಒಂದು ಪಾಲು.

ಆಮೇಲೆ ಒಂದು ಭಾನುವಾರ ಯುವಕರು ಕಾರನ್ನು ಸೀತಾಳಯ್ಯನಗಿರಿ ಕಡೆಗೆ ಹತ್ತಿಸಿದರು. ಪಕ್ಕದಲ್ಲಿ ಅಮ್ಮ. ಕೈಮರ ದಾಟಿ ಏರು ಶುರುವಾದದ್ದೇ ತಡ, ಕಾರು ಕಾರ್ಬ್ಯುರೇಟರಿನಲ್ಲಿ ಫಟ್ ಫಟ್ ಎಂದು ಸೀನತೊಡಗಿತು. ಮೂರನೇ ಗೇರು ಬಿಟ್ಟು ಎರಡಕ್ಕೆ, ಎರಡು ಬಿಟ್ಟು ಒಂದಕ್ಕೆ. ಕೊನೆಗೆ ಒಂದು ತಿರುವಿನಲ್ಲಿ ನಿಂತೇ ಹೋಯಿತು. ಹಿಂದೆ ಪ್ರವಾಸಿಗಳ ಜೀಪುಗಳ ಸಾಲು, ಹಾರ್ನು, ಕೂಗಾಟ. ಅಮ್ಮ ಇಳಿದು ನಡೆದರು.

ಮರುದಿನ ಗ್ಯಾರೇಜಿನಲ್ಲಿ ಜಗಳ. ಬಾಕಿ ದುಡ್ಡು ಕೊಡುವುದಿಲ್ಲ ಎಂದರು ಯುವಕರು. ಗ್ರೈಂಡಿಂಗ್ ಶಾಪಿನವರಿಗೆ ಫೋನು ಹಚ್ಚಿದರೆ ‘ನಮ್ಮ ಕೆಲಸದಲ್ಲಿ ತಪ್ಪಿಲ್ಲ’ ಎಂದು ಇಟ್ಟುಬಿಟ್ಟರು. ಉಳಿದವನು ಹುಡುಗ. ಟ್ಯಾಪೆಟ್ ಸೆಟ್ ಮಾಡಿದವನು ಅವನು. ಎಂಜಿನ್ನು ಬಿಚ್ಚಿದಾಗ ಟ್ಯಾಪೆಟ್ಟುಗಳನ್ನೆಲ್ಲ ಡಾಲ್ಡಾ ಡಬ್ಬಿಯಲ್ಲಿ ಸೀಮೆಎಣ್ಣೆಗೆ ಹಾಕಿ ಒಂದಕ್ಕೊಂದು ಬೆರೆಸಿದವನೂ ಅವನೇ ಎಂದು ಯಾರೋ ಹೇಳಿದರು. ಮೇಸ್ತ್ರಿ ಸಿಟ್ಟಿನಲ್ಲಿ ‘ನಾಳೆಯಿಂದ ಬರಬೇಡ’ ಎಂದುಬಿಟ್ಟರು. ನಾಲ್ಕು ವರ್ಷ ಸ್ಪಾನರು ಹಿಡಿದ ಹುಡುಗ ಚಪ್ಪಲಿ ಮೆಟ್ಟಿಕೊಂಡು ಹೋದ. ಒಂದು ವಾರದಲ್ಲಿ ಬೈಪಾಸಿನ ಪಂಕ್ಚರ್ ಅಂಗಡಿಯಲ್ಲಿ ಕಾಣಿಸಿಕೊಂಡ.

ಕಾರ್ಬ್ಯುರೇಟರನ್ನು ಎರಡು ಸಲ ಬಿಚ್ಚಿ ತೊಳೆದರು. ಪಾಯಿಂಟು, ಕಂಡೆನ್ಸರು, ಪ್ಲಗ್ಗು, ಕಾಯಿಲು ಎಲ್ಲ ಹೊಸದು ಬಂತು. ಸೀನು ನಿಲ್ಲಲಿಲ್ಲ.

ಬೋಧಕರ ಬ್ಯಾಗಿನಲ್ಲಿ ಒಂದು ಗಡಿಯಾರ

ಐ.ಟಿ.ಐ.ಯಲ್ಲಿ ಮೂವತ್ತು ವರ್ಷ ಮೋಟಾರು ಪಾಠ ಹೇಳಿ ನಿವೃತ್ತರಾದ ಬೋಧಕರೊಬ್ಬರನ್ನು ಕರೆಸಿದ್ದು ಯುವಕರ ತಾಯಿ. ಅವರು ಹಳೇ ರೆಕ್ಸಿನ್ ಬ್ಯಾಗು ಹಿಡಿದು ಬಂದವರು ಬಂದ ಕೂಡಲೇ ಸ್ಪಾನರು ಕೇಳಲಿಲ್ಲ, ಕಾಫಿ ಕೇಳಿದರು. ಆಮೇಲೆ ಎಂಜಿನ್ನು ಓಡಿಸಲು ಹೇಳಿ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಹಚ್ಚಿ ನಿಂತರು.

ಸದ್ದಿನಲ್ಲೂ ಜಾತಿಗಳಿವೆ. ಬೇರಿಂಗು ಹೋದ ಸದ್ದು ಕೆಳಗಿನಿಂದ ಬರುತ್ತದೆ, ಗುದ್ದಿದ ಹಾಗೆ ಭಾರವಾಗಿರುತ್ತದೆ. ಆ ಸಿಲಿಂಡರಿನ ಪ್ಲಗ್ಗಿನ ವೈರು ತೆಗೆದರೆ ಹೊರೆ ಇಳಿದು ಆ ಸದ್ದು ಕಮ್ಮಿಯಾಗುತ್ತದೆ. ವಾಲ್ವಿನ ಕಡೆಯ ಸದ್ದು ಹಗುರ, ಹೊಲಿಗೆ ಮಿಶನ್ನಿನಂತೆ. ಎಂಜಿನ್ನು ಎರಡು ಸುತ್ತು ತಿರುಗಿದರೆ ಒಂದು ಸಲ ಬರುತ್ತದೆ. ವೈರು ತೆಗೆದರೂ ಅದು ಜಗ್ಗುವುದಿಲ್ಲ. ಬೋಧಕರು ನಾಲ್ಕೂ ವೈರು ಒಂದೊಂದಾಗಿ ತೆಗೆದು ನೋಡಿದರು. ಟಿಕ್ ಟಿಕ್ ಜಗ್ಗಲಿಲ್ಲ. ಆದರೆ ಮೂರನೆಯ ವೈರು ತೆಗೆದಾಗ ಕಾರ್ಬ್ಯುರೇಟರಿನ ಸೀನು ನಿಂತುಹೋಯಿತು.

‘ಹಾಗಾದ್ರೆ ಕಾರ್ಬ್ಯುರೇಟರ್ ಅಲ್ಲ ಬಿಡಿ, ನಾಲ್ಕು ಸಿಲಿಂಡರಿಗೂ ಒಂದೇ ಕಾರ್ಬ್ಯುರೇಟರು. ಅದರ ರೋಗ ಒಬ್ಬನಿಗೇ ಬರಲ್ಲ.’

ಇದು ಇಷ್ಟು ಸುಲಭದ ಮಾತು. ಆದರೆ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ.

ಕಂಪ್ರೆಷನ್ ಗೇಜು ಹಾಕಿದರು. ನಾಲ್ಕೂ ಹೆಚ್ಚುಕಮ್ಮಿ ಒಂದೇ. ಮೇಸ್ತ್ರಿಗೆ ಜೀವ ಬಂತು. ‘ನೋಡಿ ಸಾರ್, ರಿಂಗು ವಾಲ್ವು ಎಲ್ಲ ಟೈಟು!’ ಬೋಧಕರು ತಲೆಯಾಡಿಸಿದರು. ಕಂಪ್ರೆಷನ್ ಸರಿಯಿದ್ದೂ ಸೀನುವ ಎಂಜಿನ್ನಿಗೆ ಎಗ್ಸಾಸ್ಟು ಬಾಗಿಲು ಪೂರಾ ತೆರೆಯುತ್ತಿಲ್ಲವೇ ಎಂಬ ಅನುಮಾನ ಮೊದಲು ಬರಬೇಕು. ಉರಿದ ಹೊಗೆ ಹೊರಗೆ ಹೋಗಲಾರದೆ ಒಳಗೇ ಒತ್ತಡದಲ್ಲಿ ನಿಂತಿರುತ್ತದೆ. ಅಷ್ಟರಲ್ಲಿ ಇನ್‌ಲೆಟ್ ವಾಲ್ವು ತೆರೆಯುತ್ತದೆ. ಬಿಸಿ ಹೊಗೆ ಆ ದಾರಿಯಲ್ಲಿ ಹಿಂದಕ್ಕೆ ನುಗ್ಗಿ ಕಾರ್ಬ್ಯುರೇಟರಿನ ಬಾಯಲ್ಲಿ ಫಟ್ ಎನ್ನುತ್ತದೆ. ಮುಂದಿನ ಬಾಗಿಲು ಮುಚ್ಚಿದರೆ ಹಿತ್ತಲ ಬಾಗಿಲಲ್ಲಿ ನುಗ್ಗುವ ಜಾತ್ರೆಯ ಜನದಂತೆ.

ಟೈಮಿಂಗ್ ಚೈನು ಸಡಿಲವಾಗಿದ್ದರೂ ಸೀನಬಹುದಲ್ಲ ಎಂದು ಕೇಳಿದವರಿದ್ದರು. ಬರಬಹುದು. ಆದರೆ ಚೈನು ಜಗ್ಗಿದರೆ ಎಂಟು ವಾಲ್ವೂ ಒಟ್ಟಿಗೆ ತಡವಾಗುತ್ತವೆ. ಒಂದು ಸಿಲಿಂಡರು ಮಾತ್ರ ಅಳುವುದಿಲ್ಲ.

ಮುಚ್ಚಳ ಬಿಚ್ಚಲಾಯಿತು. ಇಲ್ಲಿ ಓದುಗರಿಗೆ ಕ್ಯಾಮ್ ಎಂದರೇನು ಎಂದು ಹೇಳದೆ ಮುಂದೆ ಹೋಗುವಂತಿಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಸರಳು, ಅದರ ಮೈಮೇಲೆ ಎಂಟು ಕಬ್ಬಿಣದ ಮೊಟ್ಟೆಗಳು. ಅದೇ ಕ್ಯಾಮ್‌ಶಾಫ್ಟು. ಸರಳು ತಿರುಗಿದಾಗ ಮೊಟ್ಟೆಯ ಚೂಪುಭಾಗ ಮೇಲೆ ಬಂದು, ತನ್ನ ಮೇಲೆ ಕೂತಿರುವ ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು ಪುಷ್‌ರಾಡ್ ಎಂಬ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ರಾಕರನ್ನು ತಳ್ಳುತ್ತದೆ, ರಾಕರು ವಾಲ್ವನ್ನು ಒತ್ತಿ ತೆರೆಯುತ್ತದೆ. ಎಂಜಿನ್ನು ನಿಮಿಷಕ್ಕೆ 5000 ಸುತ್ತಿದರೆ ಕ್ಯಾಮು 2500 ಸುತ್ತುತ್ತದೆ. ಎಂದರೆ ಒಂದೊಂದು ಮೊಟ್ಟೆಯ ಮೂಗೂ ನಿಮಿಷಕ್ಕೆ 2500 ಸಲ ಸ್ಪ್ರಿಂಗಿನ ಬಲದ ವಿರುದ್ಧ ಉಜ್ಜಿಕೊಳ್ಳಬೇಕು. ಆ ಮೂಗು ಸವೆದರೆ ಬಾಗಿಲು ಅಷ್ಟು ಕಡಿಮೆ ತೆರೆಯುತ್ತದೆ. ಸವೆದಷ್ಟೂ ಸವೆಯುತ್ತದೆ. ಮೇಲಿನ ಗಟ್ಟಿ ಪದರ ಹೋದ ಮೇಲೆ ಬೆಣ್ಣೆಯಂತೆ ಕರಗಲು ಹೆಚ್ಚು ದಿನ ಬೇಕಿಲ್ಲ.

ಬೋಧಕರು ರೆಕ್ಸಿನ್ ಬ್ಯಾಗಿನಿಂದ ಡಯಲ್ ಗೇಜು ತೆಗೆದರು. ನೋಡಲು ಗಡಿಯಾರದ ಹಾಗೆ, ಕೆಳಗೊಂದು ಸೂಜಿಕಾಲು. ಬುಡಕ್ಕೆ ಅಯಸ್ಕಾಂತ. ನಾಲ್ಕೂ ಪ್ಲಗ್ಗು ಬಿಚ್ಚಿಸಿ, ರಾಕರುಗಳನ್ನು ತೆಗೆಸಿ, ಸೂಜಿಕಾಲನ್ನು ಪುಷ್‌ರಾಡಿನ ತುದಿಗೇ ನೇರವಾಗಿ ತಾಗಿಸಿದರು. ರಾಕರಿನ ಮೇಲೆ ಏಕೆ ಅಳೆಯಬಾರದು ಎಂದು ಮೇಸ್ತ್ರಿ ಕೇಳಿದರು. ರಾಕರು ಸವೆದಿದ್ದರೆ ಅದರ ಸುಳ್ಳೂ ಲೆಕ್ಕಕ್ಕೆ ಸೇರುತ್ತದೆ. ಕಡ್ಡಿಯ ತುದಿಯಲ್ಲಿ ಅಳೆದರೆ ಮಾತಾಡುವುದು ಕ್ಯಾಮು ಮತ್ತು ಟ್ಯಾಪೆಟ್ಟು ಮಾತ್ರ.

ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತ, ಮುಳ್ಳು ಅತಿ ಕೆಳಗೆ ಇದ್ದಾಗ ಸೊನ್ನೆ ಮಾಡಿ, ಅತಿ ಮೇಲೆ ಹೋದಾಗಿನ ಅಂಕಿ ಬರೆದರು. ಒಂದೊಂದನ್ನೂ ಎರಡು ಸಲ. ಶೆಡ್ಡಿನಲ್ಲಿ ಹತ್ತು ಜನ ಸೇರಿದ್ದರು, ಉಸಿರು ಬಿಡುವವರಿಲ್ಲ. ಆರು ಕಡ್ಡಿಗಳು ಒಂದಕ್ಕೊಂದು ಎರಡು ಮೂರು ಥೌ ವ್ಯತ್ಯಾಸದಲ್ಲಿ ಏರಿದವು. ಎರಡನೇ ಸಿಲಿಂಡರಿನ ಇನ್‌ಲೆಟ್ಟು 12 ಥೌ ಕಡಿಮೆ. ಮೂರನೆಯದರ ಎಗ್ಸಾಸ್ಟು 52 ಥೌ ಕಡಿಮೆ, ಎಂದರೆ 1.3 ಮಿ.ಮೀ.ಗೂ ಮಿಕ್ಕಿ. ಐದಾರು ಥೌ ವ್ಯತ್ಯಾಸ ಬಂದರೇ ಕ್ಯಾಮನ್ನು ಹೊರಗೆ ತೆಗೆದು ನೋಡಬೇಕು. ಇದು 52.

‘ಟ್ಯಾಪೆಟ್ ಸೆಟ್ ಮಾಡ್ತಿದ್ದ ಹುಡುಗ ಎಲ್ಲಿ?’ ಎಂದು ಬೋಧಕರು ಕೇಳಿದರು. ಯಾರೂ ಮಾತಾಡಲಿಲ್ಲ. ಮೂಲೆಯ ಗೂಡಿನಲ್ಲಿ ಉಳಿದಿದ್ದ ಅವನ ಲೆಕ್ಕದ ಪುಸ್ತಕವನ್ನು ಇನ್ನೊಬ್ಬ ಸಣ್ಣ ಹುಡುಗ ತಂದುಕೊಟ್ಟ. ಮೂರು ತಾರೀಕು, ಮೂರು ಅಳತೆ, ಮೂರೂ ಮೂರನೇ ಸಿಲಿಂಡರಿನ ಎಗ್ಸಾಸ್ಟು. ಬೋಧಕರು ಕನ್ನಡಕ ಮೇಲೆ ಸರಿಸಿ ಪುಸ್ತಕವನ್ನು ಮೇಸ್ತ್ರಿಯ ಕೈಗೆ ಕೊಟ್ಟರು. ‘ರೋಗ ಏನು ಅಂತ ಎರಡನೇ ವಾರದಲ್ಲೇ ಬರೆದಿಟ್ಟಿದ್ದಾನಲ್ಲಯ್ಯಾ.’

ಬಿಗಿದ ಟ್ಯಾಪೆಟ್ಟು ಒಂದು ಸಲ ಸಡಿಲವಾದರೆ ಲಾಕ್‌ನಟ್ಟನ್ನು ಅನುಮಾನಿಸಬೇಕು. ಅದೇ ಟ್ಯಾಪೆಟ್ಟು ಮತ್ತೆ ಮತ್ತೆ ಸಡಿಲವಾದರೆ ಅದರ ಕೆಳಗೆ ಏನೋ ಕರಗುತ್ತಿದೆ ಎಂದೇ ಅರ್ಥ. ಪ್ರತಿ ಸಲ ಸ್ಕ್ರೂ ಬಿಗಿದು ಸದ್ದು ಅಡಗಿಸಿದ್ದು ಎಂದರೆ ಜ್ವರದವನಿಗೆ ತಣ್ಣೀರು ಪಟ್ಟಿ ಹಾಕಿದ ಹಾಗೆ.

ಮೇಜಿನ ಮೇಲೆ ಸಾಕ್ಷಿ

ಎಂಜಿನ್ನು ಮತ್ತೆ ಇಳಿಯಿತು. ಅದನ್ನು ತಲೆಕೆಳಗು ನಿಲ್ಲಿಸಿ ಕ್ಯಾಮನ್ನು ಎಳೆದರು. ಮೂರನೇ ಸಿಲಿಂಡರಿನ ಎಗ್ಸಾಸ್ಟು ಮೊಟ್ಟೆಗೆ ಮೂಗೇ ಇರಲಿಲ್ಲ, ಬೋಳಾಗಿತ್ತು. ಅಂಚು ಬೆರಳಿಗೆ ಬ್ಲೇಡಿನಂತೆ ತಾಗುತ್ತಿತ್ತು. ಸಂಪಿನ ತಳದಲ್ಲಿ ಅಯಸ್ಕಾಂತ ಆಡಿಸಿದರೆ ಬೂದು ಬಣ್ಣದ ಮೀಸೆ ಬೆಳೆಯಿತು. ಅದೆಲ್ಲ ಕ್ಯಾಮಿನ ಕಬ್ಬಿಣ.

ಆರೋಗ್ಯವಂತ ಕ್ಯಾಮು ಹೇಗಿರುತ್ತದೆ ಎಂಬುದು ಪಕ್ಕದಲ್ಲೇ ಇತ್ತು. ಒಂದನೇ ಸಿಲಿಂಡರಿನ ಮೊಟ್ಟೆಯ ಮೇಲೆ ಹೊಳೆಯುವ ಪಟ್ಟಿ ನಡುವೆ ಇರಲಿಲ್ಲ, ಒಂದು ಬದಿಗೆ ಸರಿದಿತ್ತು. ‘ಓರೆ ಸವೆದಿದೆ’ ಎಂದು ನೋಡಿದವರು ಹೇಳುತ್ತಾರೆ, ತಪ್ಪು. ಇಂಥ ಎಂಜಿನ್ನುಗಳಲ್ಲಿ ಮೊಟ್ಟೆಯನ್ನು ಕೂದಲೆಳೆಯಷ್ಟು ಇಳಿಜಾರಾಗಿ ಅರೆದಿರುತ್ತಾರೆ, ಟ್ಯಾಪೆಟ್ಟಿನ ಮುಖವನ್ನು ಕಣ್ಣಿಗೆ ಕಾಣದಷ್ಟು ಉಬ್ಬಾಗಿ ಮಾಡಿರುತ್ತಾರೆ. ಆಗ ತಾಗುವ ಜಾಗ ಒಂದು ಬದಿಗೆ ಬಿದ್ದು, ಟ್ಯಾಪೆಟ್ಟು ಪ್ರತಿ ಏಟಿಗೂ ಸ್ವಲ್ಪ ತಿರುಗುತ್ತದೆ. ತಿರುಗಿದರೆ ಸವೆತ ಹಂಚಿಹೋಗುತ್ತದೆ. ತಿರುಗದೆ ನಿಂತರೆ ಒಂದೇ ಗೆರೆಯಲ್ಲಿ ಉಜ್ಜಿ ಉಜ್ಜಿ ಎರಡೂ ಸಾಯುತ್ತವೆ. ಹೊಳೆಯುವ ಪಟ್ಟಿ ಮೊಟ್ಟೆಯ ಅಗಲಕ್ಕೂ ಹರಡಿದ್ದರೆ ಆ ಕ್ಯಾಮಿನ ಕಥೆ ಮುಗಿಯಿತು.

ಟ್ಯಾಪೆಟ್ಟಿನ ಉಬ್ಬು ನೋಡಲು ಯಂತ್ರ ಬೇಡ. ಎರಡು ಟ್ಯಾಪೆಟ್ಟುಗಳ ಮುಖಕ್ಕೆ ಮುಖ ಹಚ್ಚಿ ಬೆಳಕಿಗೆ ಹಿಡಿಯಬೇಕು. ಅಂಚಿನಲ್ಲಿ ಸಣ್ಣ ಸಂದು ಕಂಡು, ನಡುವೆ ತಾಗಿ, ಮೆಲ್ಲಗೆ ತೂಗಾಡಿದರೆ ಉಬ್ಬು ಉಳಿದಿದೆ. ಅಂಚು ತಾಗಿ ನಡುವೆ ಬೆಳಕು ತೂರಿದರೆ ಬಟ್ಟಲಾಗಿದೆ. ಎಂಟರಲ್ಲಿ ಐದು ಬಟ್ಟಲಾಗಿದ್ದವು. ಮೂರನೇ ಎಗ್ಸಾಸ್ಟಿನ ಟ್ಯಾಪೆಟ್ಟಿನ ಮುಖದಲ್ಲಿ ಸುತ್ತುಗೆರೆಯ ಬದಲು ನೆಟ್ಟಗಿನ ಗೀರು. ಅದು ತಿರುಗಿರಲೇ ಇಲ್ಲ.

ಕ್ಯಾಮನ್ನು ಮೈಕ್ರೋಮೀಟರಿನಲ್ಲಿ ಅಳೆಯುವಾಗ ಮೇಸ್ತ್ರಿ ತಾವು ಕಲಿತಂತೆ ಮೂಗಿನಿಂದ ಬೆನ್ನಿಗೆ ಒಂದು ಅಳತೆ, ಪಕ್ಕೆಯಿಂದ ಪಕ್ಕೆಗೆ ಇನ್ನೊಂದು ತೆಗೆದು ಕಳೆಯಲು ಹೊರಟರು. ಮಾಮೂಲಿ ಕ್ಯಾಮಿಗೆ ಆ ಲೆಕ್ಕ ನಡೆಯುತ್ತದೆ. ರೇಸಿಗೆ ಅರೆಸಿದ ಕ್ಯಾಮಿನಲ್ಲಿ ವಾಲ್ವು ಹೆಚ್ಚು ಹೊತ್ತು ತೆರೆದಿರಬೇಕಾದ್ದರಿಂದ ಉಬ್ಬು ಪಕ್ಕೆಯವರೆಗೂ ಇಳಿದು ಬಂದಿರುತ್ತದೆ. ಪಕ್ಕೆಯ ಅಳತೆ ದಪ್ಪ ತೋರಿಸಿ ಏರಿಕೆ ಕಮ್ಮಿ ಎಂದು ಸುಳ್ಳು ಹೇಳುತ್ತದೆ. ಬೋಧಕರು ಎರಡು ವಿ ಆಕಾರದ ದಿಮ್ಮಿಗಳ ಮೇಲೆ ಕ್ಯಾಮನ್ನು ಮಲಗಿಸಿ, ಡಯಲ್ ಗೇಜು ಹಚ್ಚಿ ಸುತ್ತಿಸಿಯೇ ಅಳೆದರು. ಎಂಜಿನ್ನಿನೊಳಗೆ ಸಿಕ್ಕ ಅಂಕಿಗಳೊಂದಿಗೆ ಹೋಲಿಸಿದಾಗ ಸವೆತದಲ್ಲಿ ಹೆಚ್ಚಿನ ಪಾಲು ಕ್ಯಾಮಿನದು, ಉಳಿದದ್ದು ಟ್ಯಾಪೆಟ್ಟಿನದು ಎಂದು ತಿಳಿಯಿತು.

ಇನ್ನು ಗ್ರೈಂಡಿಂಗ್ ಶಾಪಿನವರ ಸರದಿ. ಅರೆಯುವಾಗ ಮೇಲಿನ ಗಟ್ಟಿ ಪದರವನ್ನೇ ತೆಗೆದುಬಿಟ್ಟಿದ್ದಾರೆ ಎಂಬುದು ಮೇಸ್ತ್ರಿಯ ವಾದ. ಬೋಧಕರು ಸಣ್ಣ ಅರ ತೆಗೆದು ಸವೆಯದ ಮೊಟ್ಟೆಯ ಅಂಚಿಗೆ ಎಳೆದರು. ಅರ ಕಚ್ಚಲಿಲ್ಲ, ಗಾಜಿನ ಮೇಲೆ ಜಾರಿದಂತೆ ಜಾರಿತು. ಕ್ಯಾಮು ಗಟ್ಟಿಯೇ. ಶಾಪಿನವರು ಫೋನು ಇಟ್ಟ ರೀತಿ ಸರಿಯಿಲ್ಲದಿರಬಹುದು, ಕೆಲಸ ಸರಿಯಿತ್ತು.

ಹುಡುಗ ಟ್ಯಾಪೆಟ್ಟು ಬೆರೆಸಿದ ಆರೋಪವೂ ನಿಲ್ಲಲಿಲ್ಲ. ಹಳೆ ಕ್ಯಾಮನ್ನೇ ಮತ್ತೆ ಹಾಕುವುದಾದರೆ ಪ್ರತಿ ಟ್ಯಾಪೆಟ್ಟೂ ತನ್ನ ಮೊಟ್ಟೆಯ ಮೇಲೇ ಕೂರಬೇಕು, ಬೆರೆಸಿದರೆ ಅನಾಹುತ. ಆದರೆ ಇಲ್ಲಿ ಕ್ಯಾಮೇ ಹೊಸದಾಗಿ ಅರೆದದ್ದು. ಹೊಸ ಮುಖದ ಕ್ಯಾಮಿಗೆ ಹಳೆಯ ಟ್ಯಾಪೆಟ್ಟನ್ನು ಯಾವ ಕ್ರಮದಲ್ಲಿ ಹಾಕಿದರೂ ತಪ್ಪೇ. ಹೊಸದು ಹಾಕಬೇಕು, ಇಲ್ಲವೇ ಮುಖ ಅರೆಸಿ ಉಬ್ಬು ಕೊಡಿಸಬೇಕು. ‘ಇದ್ದದ್ದೇ ಹಾಕಿ’ ಎಂದವರು ಯಾರು ಎಂದು ಬೋಧಕರು ಕೇಳಿದರು. ಮೇಸ್ತ್ರಿ ನೆಲ ನೋಡಿದರು.

ಪೂಜೆಯ ಇಪ್ಪತ್ತು ನಿಮಿಷ

ಬೋಧಕರು ಆಮೇಲೆ ಮೊದಲ ದಿನ ಎಂಜಿನ್ನು ಹೇಗೆ ಓಡಿಸಿದಿರಿ ಎಂದು ಕೇಳಿದರು. ಯುವಕರು ಹೆಮ್ಮೆಯಿಂದ ಫೋನಿನಲ್ಲಿದ್ದ ಪೂಜೆಯ ವಿಡಿಯೋ ತೋರಿಸಿದರು. ಮಂಗಳಾರತಿಯ ಭಾಗ ಬರುವ ಹೊತ್ತಿಗೆ ಬೋಧಕರು ‘ಸಾಕು’ ಎಂದರು.

ಕ್ಯಾಮಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕು ಸುತ್ತುವಾಗ ಎರಚುವ ತುಂತುರಿನಿಂದ. ಮೆಲ್ಲಗೆ ಓಡುವ ಎಂಜಿನ್ನು ಎಣ್ಣೆ ಎರಚುವುದು ಅತ್ಯಲ್ಪ. ಅಷ್ಟೇ ಅಲ್ಲ. ವೇಗವಾಗಿ ಓಡುವಾಗ ವಾಲ್ವು, ಕಡ್ಡಿ, ರಾಕರುಗಳ ಓಟದ ಜೋರು ಸ್ಪ್ರಿಂಗಿನ ಒತ್ತಡವನ್ನು ಮೂಗಿನ ಮೇಲೆ ಸ್ವಲ್ಪ ಹಗುರ ಮಾಡುತ್ತದೆ. ಮೆಲ್ಲಗೆ ಓಡುವಾಗ ಸ್ಪ್ರಿಂಗಿನ ಪೂರಾ ಭಾರ ಮೂಗಿನ ಮೇಲೆಯೇ. ಹೊಸ ಎಂಜಿನ್ನನ್ನು ಮೆಲ್ಲಗೆ ಓಡಿಸಿದರೆ ಅದಕ್ಕೆ ಸುಖ ಎಂಬ ನಂಬಿಕೆ ಊರೆಲ್ಲ ಇದೆ. ಕ್ಯಾಮಿನ ಪಾಲಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅದರ ಮೇಲೆ ಗಟ್ಟಿ ಜೋಡಿ ಸ್ಪ್ರಿಂಗು. ಅದಕ್ಕೂ ಮೊದಲು ಏಳೆಂಟು ಸಲ ಸೆಲ್ಫ್ ಹೊಡೆದದ್ದು. ಆಗಲೇ ಕ್ಯಾಮಿಗೆ ಹಚ್ಚಿದ್ದ ಎಣ್ಣೆ ಒರೆಸಿಹೋಗಿತ್ತು.

ಎಣ್ಣೆ ಯಾವುದು ಹಾಕಿದಿರಿ ಎಂಬುದು ಕೊನೆಯ ಪ್ರಶ್ನೆ. ಯುವಕರು ತಮ್ಮ ಹೊಸ ಕಾರಿಗೆ ತಂದಿದ್ದ ದುಬಾರಿ 5ಡಬ್ಲ್ಯೂ-30 ಸಿಂಥೆಟಿಕ್ ಎಣ್ಣೆಯನ್ನು ಅಪ್ಪನ ಕಾರಿಗೂ ಪ್ರೀತಿಯಿಂದ ಸುರಿದಿದ್ದರು. ಹಳೆಯ ಎಂಜಿನ್ ಎಣ್ಣೆಗಳಲ್ಲಿ ಸತು ಮತ್ತು ರಂಜಕದ ಒಂದು ಮಿಶ್ರಣ ಧಾರಾಳವಾಗಿ ಇರುತ್ತಿತ್ತು. ಲೋಹಕ್ಕೆ ಲೋಹ ಉಜ್ಜುವ ಕಡೆ ಅದು ಬಿಸಿಗೆ ಕರಗಿ ಪೊರೆಯಂತೆ ಕೂರುತ್ತದೆ. ಆದರೆ ರಂಜಕ ಹೊಗೆಕೊಳವೆಯ ಕೆಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಆದ್ದರಿಂದ 2004ರಲ್ಲಿ ಬಂದ ಎಸ್‌ಎಂ ದರ್ಜೆಯಿಂದ 10ಡಬ್ಲ್ಯೂ-30ರವರೆಗಿನ ತೆಳು ಎಣ್ಣೆಗಳಲ್ಲಿ ರಂಜಕ ಶೇ. 0.08 ಮೀರದಂತೆ ಮಿತಿ ಹಾಕಿದರು. ಉರುಳೆ ಇರುವ ಹೊಸ ಎಂಜಿನ್ನುಗಳಿಗೆ ಅದು ಸಾಕು. ಉಜ್ಜುವ ಟ್ಯಾಪೆಟ್ಟಿನ ಪದ್ಮಿನಿಗೆ, ಅದೂ ಗಟ್ಟಿ ಸ್ಪ್ರಿಂಗು ಹಾಕಿದ ಮೇಲೆ, ಸಾಲದು. ದಪ್ಪ 20ಡಬ್ಲ್ಯೂ-50 ಎಣ್ಣೆಗೆ ಆ ಮಿತಿ ಅನ್ವಯಿಸುವುದಿಲ್ಲ. ಬೆಲೆ ನೋಡಿದರೆ ಅದು ಅಗ್ಗವೂ ಹೌದು!

ಹೀಗೆ ತಪ್ಪು ಎಲ್ಲರಿಗೂ ಒಂದಿಷ್ಟು ಹಂಚಿಹೋಯಿತು, ಹುಡುಗನೊಬ್ಬನನ್ನು ಬಿಟ್ಟು.

ಎರಡನೇ ಆರಂಭ

ಹಣದ ಮಾತು ಒಂದು ಸಂಜೆಯಲ್ಲಿ ಮುಗಿಯಿತು. ಕೂಲಿ ಮೇಸ್ತ್ರಿಯದು, ಸಾಮಾನು ಯುವಕರದು. ಗುಜರಿಯಿಂದ ಇನ್ನೊಂದು ಹಳೇ ಕ್ಯಾಮು ಹುಡುಕಿ ಅದೇ ಬೆಂಗಳೂರಿನ ಶಾಪಿನಲ್ಲಿ ಅರೆಸಿದರು. ಎಂಟೂ ಟ್ಯಾಪೆಟ್ಟುಗಳ ಮುಖವನ್ನೂ ಅಲ್ಲೇ ಅರೆಸಿ ಉಬ್ಬು ಕೊಡಿಸಿದರು. ಕಬ್ಬಿಣದ ಪುಡಿ ಎಣ್ಣೆಯ ಜತೆ ಎಲ್ಲ ಕಡೆ ಸುತ್ತಿದ್ದರಿಂದ ಬೇರಿಂಗುಗಳ ಮೇಲೆ ಗೀರು ಬಿದ್ದಿತ್ತು, ಅವೂ ಹೊಸದು. ಎಣ್ಣೆಯ ದಾರಿಗಳ ಬಿರಡೆ ಕಿತ್ತು, ಬ್ರಷ್ಷು ಹಾಕಿ, ಗಾಳಿ ಊದಿ ತೊಳೆಯಲು ಎರಡು ದಿನ ಹಿಡಿಯಿತು. ಕ್ಯಾಮು ಸವೆದ ಎಂಜಿನ್ನಿಗೆ ಬರೀ ಕ್ಯಾಮು ಬದಲಿಸಿ ಮುಚ್ಚಿದರೆ ಉಳಿದ ಪುಡಿ ಹೊಸದನ್ನೂ ತಿನ್ನುತ್ತದೆ.

ಹುಡುಗನನ್ನು ಕರೆಯಲು ಮೇಸ್ತ್ರಿ ತಾವೇ ಪಂಕ್ಚರ್ ಅಂಗಡಿಗೆ ಹೋದರು. ಹುಡುಗ ಟ್ಯೂಬಿಗೆ ಪ್ಯಾಚ್ ಹಚ್ಚುತ್ತಿದ್ದವನು ತಲೆ ಎತ್ತಲಿಲ್ಲ. ‘ಡಯಲ್ ಗೇಜು ತಗೊಂಡ್ರೆ ಬರ್ತೀನಿ’ ಎಂದ. ಮೇಸ್ತ್ರಿ ಸ್ವಲ್ಪ ಹೊತ್ತು ನಿಂತಿದ್ದು ‘ತಗೊಳಾಣ ಬಾ’ ಎಂದರು. ‘ಮೊದಲು ತಗೊಳ್ಳಿ’ ಎಂದ ಹುಡುಗ. ಮೇಸ್ತ್ರಿ ತಗೊಂಡರು.

ಎರಡನೇ ಸಲ ಪೂಜೆ ಎಂಜಿನ್ನು ಸ್ಟಾರ್ಟ್ ಮಾಡುವ ಮೊದಲೇ ಆಯಿತು. ವಾಲ್ವುಗಳ ಒಳಸ್ಪ್ರಿಂಗುಗಳನ್ನು ಬೋಧಕರು ಬಿಚ್ಚಿಸಿದ್ದರು, ಮೊದಲ ಓಟಕ್ಕೆ ಹೊರಗಿನ ಸ್ಪ್ರಿಂಗು ಮಾತ್ರ. ಕ್ಯಾಮಿನ ಮೂಗಿಗೂ ಟ್ಯಾಪೆಟ್ಟಿನ ಮುಖಕ್ಕೂ ಮಾಲಿಬ್ಡಿನಂ ಪೇಸ್ಟು ಮೆತ್ತಲಾಗಿತ್ತು. ಒತ್ತಡದ ಗೇಜು ಏಳುವವರೆಗೆ ಎಣ್ಣೆ ಪಂಪನ್ನು ಮೊದಲೇ ಬೇರೆಯಾಗಿ ತಿರುಗಿಸಿ ಎಣ್ಣೆ ತುಂಬಿಸಿದ್ದರು. ಇಗ್ನಿಷನ್ ಟೈಮಿಂಗನ್ನು ಬಲ್ಬು ಹಚ್ಚಿ ನಿಂತಲ್ಲೇ ಕೂರಿಸಿದ್ದರು. ಕಾರ್ಬ್ಯುರೇಟರಿಗೆ ಹುಡುಗ ತಾನೇ ಪೆಟ್ರೋಲು ತುಂಬಿಸಿದ.

ಒಂದೇ ಸೆಲ್ಫಿಗೆ ಹೊತ್ತಿಕೊಂಡಿತು. ಹೊತ್ತಿದ ಕೂಡಲೇ ಹುಡುಗ ವೇಗವನ್ನು ನಿಮಿಷಕ್ಕೆ 2000ಕ್ಕೆ ಏರಿಸಿ ಹಿಡಿದ. ಅಲ್ಲಿಂದ 2500, ಮತ್ತೆ 2000. ಒಂದೇ ಕಡೆ ನಿಲ್ಲಿಸದೆ ಮೇಲೆ ಕೆಳಗೆ ಆಡಿಸುತ್ತ ಇಪ್ಪತ್ತೈದು ನಿಮಿಷ. ಶೆಡ್ಡಿನ ತಗಡು ನಡುಗಿತು. ಪಕ್ಕದ ಟ್ಯೂಷನ್ ಮನೆಯ ಮೇಷ್ಟರು ಓಡಿಬಂದು ‘ಪರೀಕ್ಷೆ ಇದೆ ಕಣ್ರೀ’ ಎಂದು ಕೂಗಾಡಿದರು. ಅವರನ್ನು ಕೂರಿಸಿ ಕಾಫಿ ಕೊಟ್ಟದ್ದು ಯುವಕರ ತಾಯಿ. ‘ಇವತ್ತೊಂದು ದಿನ ಸಹಿಸಿಕೊಳ್ಳಿ’ ಎಂದರಂತೆ.

ನಿಲ್ಲಿಸಿ, ಎಣ್ಣೆ ಬಿಸಿಯಿರುವಾಗಲೇ ಇಳಿಸಿದರು. ಅಯಸ್ಕಾಂತಕ್ಕೆ ತೆಳ್ಳನೆಯ ಬೂದಿ ಹತ್ತಿತು, ಮೀಸೆ ಬೆಳೆಯಲಿಲ್ಲ. ಮಾರನೇ ದಿನ ಒಳಸ್ಪ್ರಿಂಗು ಹಾಕುವಾಗ ಹೆಡ್ಡು ಬಿಚ್ಚಲಿಲ್ಲ: ಪ್ಲಗ್ಗಿನ ತೂತಿನಲ್ಲಿ ನೂಲಿನ ಹಗ್ಗ ತುರುಕಿ, ಪಿಸ್ಟನ್ನು ಮೇಲೆತ್ತಿದರೆ ಹಗ್ಗ ಒತ್ತಿಕೊಂಡು ವಾಲ್ವು ಕೆಳಗೆ ಬೀಳದೆ ನಿಲ್ಲುತ್ತದೆ. ಈ ಉಪಾಯ ಬೋಧಕರದು. ಹುಡುಗ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ.

500 ಕಿಲೋಮೀಟರು ಓಡಿದ ಮೇಲೆ ಹುಡುಗ ಹೊಸ ಡಯಲ್ ಗೇಜು ಹಚ್ಚಿ ಎಂಟೂ ಕಡ್ಡಿ ಅಳೆದ. ಜೋಡಿಸುವ ದಿನ ಬರೆದಿಟ್ಟ ಅಂಕಿಗಳ ಪಕ್ಕ ಹೊಸ ಅಂಕಿ ಬರೆದ. ಹೆಚ್ಚೆಂದರೆ ಒಂದು ಥೌ ವ್ಯತ್ಯಾಸ. ಆ ಭಾನುವಾರ ಪದ್ಮಿನಿ ಕೈಮರದ ಏರನ್ನು ಮೂರನೇ ಗೇರಿನಲ್ಲೇ ಹತ್ತಿತು. ಅಮ್ಮ ಪಕ್ಕದಲ್ಲಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಹುಡುಗ, ಸದ್ದು ಕೇಳಲೆಂದು ಕಿಟಕಿಯ ಗಾಜು ಇಳಿಸಿಕೊಂಡು.